ಅರವತ್ತು ದಾಟಿದ ತಾಯಂದಿರಿಗೂ ಬೇಕು ವ್ಯಾಯಾಮ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವುದು, ಹಾವೇರಿಯಲ್ಲಿ ಏಲಕ್ಕಿ ಹಾರ ಕಟ್ಟುವುದು ಗಂಟೆಗಟ್ಟಲೆ ಕುಳಿತು ಮಾಡುವ ಕೆಲಸ. ಕೈ ದಣಿಯುತ್ತದೆ, ಕಾಲು, ಸೊಂಟದ ದೊಡ್ಡ ಸ್ನಾಯುಗಳಿಗೆ ಮಾತ್ರ ಕೆಲಸವಿಲ್ಲ. ಆದ್ದರಿಂದ ‘ದಿನವಿಡೀ ದುಡಿಯುತ್ತೇನೆ, ವ್ಯಾಯಾಮ ಯಾಕೆ?’ ಎನ್ನಬೇಡಿ.

ಮಹಿಳೆಯರಲ್ಲಿ ಸೊಂಟದ ಸುತ್ತಳತೆ 80 ಸೆಂ.ಮೀ., ರಕ್ತದೊತ್ತಡ 130/85, ಖಾಲಿ ಹೊಟ್ಟೆಯ ಸಕ್ಕರೆ 100, ಟ್ರೈಗ್ಲಿಸರೈಡ್ 150 ಅಥವಾ ಅದಕ್ಕಿಂತ ಹೆಚ್ಚು. ಒಳ್ಳೆಯ ಕೊಲೆಸ್ಟ್ರಾಲ್ 50ಕ್ಕಿಂತ ಕಡಿಮೆ. ಈ ಐದರಲ್ಲಿ ಮೂರಿದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್. ಮಧುಮೇಹ, ಹೃದಯಾಘಾತ, ಪಾರ್ಶ್ವವಾಯುವಿಗೆ ಇದೇ ದಾರಿ. ಮುಟ್ಟು ನಿಂತ ಮೇಲೆ ಹೊಟ್ಟೆಯ ಸುತ್ತ ಕೊಬ್ಬು ಸೇರುವುದರಿಂದ ಅಪಾಯ ಹೆಚ್ಚುತ್ತದೆ.

ದುಡಿಯುವ ಸ್ನಾಯು ರಕ್ತದಲ್ಲಿನ ಸಕ್ಕರೆಯನ್ನು ಬಳಸಿಕೊಳ್ಳುತ್ತದೆ. ಹಾಗಾಗಿ ತೂಕ ಇಳಿಯದಿದ್ದರೂ ವ್ಯಾಯಾಮದಿಂದ ಲಾಭವಿದೆ.

ನಡಿಗೆ: ದಿನಕ್ಕೆ 30 ನಿಮಿಷ, ವಾರಕ್ಕೆ ಐದು ದಿನ. ಫಜ್ರ್ ಅಥವಾ ಅಸರ್ ನಮಾಝಿನ ನಂತರ ಓಣಿಯಲ್ಲೋ ತಾರಸಿಯಲ್ಲೋ ಬಿರುಸಾಗಿ ನಡೆಯಿರಿ. ಹತ್ತು ಹತ್ತು ನಿಮಿಷವಾಗಿ ಮೂರು ಸಲ ನಡೆದರೂ ಸರಿ.

ಬಲ: ವಾರಕ್ಕೆ ಎರಡು ದಿನ ಕುರ್ಚಿಯಿಂದ ಎದ್ದು ಕೂರುವುದು, ಗೋಡೆಗೆ ಕೈಯೂರಿ ತಳ್ಳುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು. ತಲಾ ಹತ್ತು ಸಲ.

ರುಕೂ, ಸಜ್ದಾ ಕೀಲುಗಳಿಗೆ ಹಿತವೇ. ಆದರೆ ನಮಾಝ್ ಇಬಾದತ್, ವ್ಯಾಯಾಮದ ಬದಲಿಯಲ್ಲ. ಕಾಲಿನ ಬಲ ಉಳಿದರೆ ಸಜ್ದಾದಿಂದ ಏಳುವುದೂ ಸುಲಭ.

ಮೊದಲು ಹಾವೇರಿ ಜಿಲ್ಲಾಸ್ಪತ್ರೆಯಲ್ಲೋ ರಾಣೆಬೆನ್ನೂರು, ಬ್ಯಾಡಗಿಯ ಸರ್ಕಾರಿ ಆಸ್ಪತ್ರೆಯಲ್ಲೋ ಬಿಪಿ, ಸಕ್ಕರೆ ತೋರಿಸಿಕೊಳ್ಳಿ. ಸಕ್ಕರೆಯ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ಹಸಿದು ನಡೆಯಬಾರದು. ರೋಝಾದ ದಿನಗಳ ಬಗ್ಗೆ ವೈದ್ಯರನ್ನು ಮುಂಚೆಯೇ ಕೇಳಿ. ಎದೆನೋವು, ತಲೆಸುತ್ತು ಬಂದರೆ ನಿಲ್ಲಿಸಿ, ವೈದ್ಯರನ್ನು ಕಾಣಿ. ಮಾತ್ರೆ ಮಾತ್ರ ನೀವಾಗಿಯೇ ಬಿಡಬೇಡಿ.

ದೇಹವೂ ಅಲ್ಲಾಹನು ಕೊಟ್ಟ ಅಮಾನತ್ತು. ಸೊಸೆ, ಮೊಮ್ಮಕ್ಕಳೇ, ಇಂದು ಸಂಜೆ ದಾದಿಯ ಜೊತೆ ನೀವೂ ಹೆಜ್ಜೆ ಹಾಕಿ.