ವೈರಸ್ ಹೋದ ಮೇಲೂ ಉರಿಯೂತ ಏಕೆ?



ದ್ವಿತೀಯ ಪಿಯುಸಿ ಜೀವಶಾಸ್ತ್ರದ ರೋಗನಿರೋಧಕತೆಯ ಪಾಠದಲ್ಲಿ ‘ಆಟೋಇಮ್ಯೂನಿಟಿ’ ಎಂಬ ಪದ ಬರುತ್ತದೆ. ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಜೀವಕೋಶಗಳನ್ನು ಪರಕೀಯವೆಂದು ತಿಳಿದು ದಾಳಿ ಮಾಡುವುದು ಎಂದು ಬರೆದು, ರುಮಟಾಯ್ಡ್ ಸಂಧಿವಾತದ ಉದಾಹರಣೆ ಕೊಟ್ಟು ಮುಂದೆ ಹೋಗುತ್ತೇವೆ. ಇದೇ ತಪ್ಪು ಮಗುವಿನ ಮಿದುಳಿನಲ್ಲಿ ನಡೆದರೆ ಏನಾಗುತ್ತದೆ ಎಂಬುದನ್ನು ಈ ಬಾರಿ ತಿಳಿಯೋಣ.

ಎರಡು ವರ್ಷದ ಒಂದು ಮಗುವನ್ನು ಊಹಿಸಿಕೊಳ್ಳಿ. ಜ್ವರ, ಫಿಟ್ಸ್ ಬಂದು ಆಸ್ಪತ್ರೆಗೆ ಸೇರಿದೆ. ಬೆನ್ನುಹುರಿಯ ದ್ರವದ ಪಿಸಿಆರ್ ಪರೀಕ್ಷೆಯಲ್ಲಿ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್ ಪತ್ತೆಯಾಗಿದೆ. ರಕ್ತನಾಳದ ಮೂಲಕ ಅಸೈಕ್ಲೋವಿರ್ ಔಷಧ ಕೊಟ್ಟು, ಚೇತರಿಸಿಕೊಂಡ ಮೇಲೆ ಮನೆಗೆ ಕಳುಹಿಸಿದ್ದಾರೆ. ಕೆಲವು ವಾರಗಳ ನಂತರ ಮಗು ಮತ್ತೆ ಬದಲಾಗುತ್ತದೆ. ನಿದ್ದೆಯಿಲ್ಲ, ಸಮಾಧಾನವಾಗದ ಅಳು, ಕಲಿತ ಮಾತು ನಿಂತುಹೋಗಿದೆ, ಕೈಕಾಲು ಮತ್ತು ಬಾಯಿ ತಾವಾಗಿಯೇ ತಿರುಚುತ್ತಿವೆ. ವೈರಸ್ ಮತ್ತೆ ಬಂತೇ? ಪಿಸಿಆರ್ ಮಾಡಿದರೆ ವೈರಸ್ ಇಲ್ಲ. ಹಾಗಾದರೆ ಈ ಉರಿಯೂತಕ್ಕೆ ಕಾರಣ ಯಾರು?

ಕಾರಣ ಮಗುವಿನದೇ ಪ್ರತಿಕಾಯಗಳು. ನಮ್ಮ ನರಕೋಶಗಳ ಮೇಲೆ ಎನ್‌ಎಂಡಿಎ ಗ್ರಾಹಕಗಳು ಎಂಬ ಪ್ರೋಟೀನುಗಳಿವೆ. ನೆನಪು, ಕಲಿಕೆ, ವರ್ತನೆ, ಚಲನೆ ಎಲ್ಲಕ್ಕೂ ಇವು ಬೇಕು. ವೈರಸ್ ನರಕೋಶಗಳನ್ನು ಒಡೆದಾಗ ಒಳಗಿನ ಪ್ರೋಟೀನುಗಳು ಹೊರಬಿದ್ದು ರೋಗನಿರೋಧಕ ವ್ಯವಸ್ಥೆಯ ಕಣ್ಣಿಗೆ ಬೀಳುತ್ತವೆ, ಅದು ಅವುಗಳನ್ನೇ ಶತ್ರುವೆಂದು ಭಾವಿಸುತ್ತದೆ ಎಂಬುದು ವಿಜ್ಞಾನಿಗಳ ವಿವರಣೆ. ಆಗ ತಯಾರಾದ ಪ್ರತಿಕಾಯಗಳು ಈ ಗ್ರಾಹಕಗಳಿಗೆ ಅಂಟಿಕೊಳ್ಳುತ್ತವೆ. ಅಂಟಿದ ಗ್ರಾಹಕಗಳನ್ನು ನರಕೋಶ ತನ್ನೊಳಗೆ ಎಳೆದುಕೊಳ್ಳುತ್ತದೆ. ಮೇಲ್ಮೈಯಲ್ಲಿ ಗ್ರಾಹಕಗಳ ಸಂಖ್ಯೆ ಇಳಿಯುತ್ತದೆ, ಸಂದೇಶ ಸಾಗಣೆ ಕೆಡುತ್ತದೆ.

ಈ ಪ್ರತಿಕಾಯಗಳಿಂದ ಬರುವ ಕಾಯಿಲೆಯನ್ನು 2007ರಲ್ಲಿ ನರವಿಜ್ಞಾನಿ ಜೋಸೆಪ್ ದಾಲ್ಮಾವು ಮತ್ತು ಸಂಗಡಿಗರು ವಿವರಿಸಿದರು. ಹರ್ಪಿಸ್ ನಂತರವೂ ಇದು ಬರಬಹುದೆಂಬುದು ಆಮೇಲೆ ಸ್ಪಷ್ಟವಾಯಿತು. ಸ್ಪೇನ್‌ನ ಆಸ್ಪತ್ರೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹರ್ಪಿಸ್ ಮಿದುಳಿನ ಉರಿಯೂತವಾಗಿದ್ದ 51 ಮಂದಿಯನ್ನು ಗಮನಿಸಲಾಯಿತು. ಅವರಲ್ಲಿ 14 ಮಂದಿಗೆ, ಅಂದರೆ ಶೇ. 27ರಷ್ಟು ಜನರಿಗೆ, ಎರಡು ತಿಂಗಳೊಳಗೆ ಆಟೋಇಮ್ಯೂನ್ ಉರಿಯೂತ ಕಾಣಿಸಿಕೊಂಡಿತು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಇದು ಹೆಚ್ಚು ಕಠಿಣ.

ಇಲ್ಲಿ ಅಸೈಕ್ಲೋವಿರ್ ಸಾಲದು, ಏಕೆಂದರೆ ಅದು ತಡೆಯುವುದು ವೈರಸ್ ವೃದ್ಧಿಯನ್ನು. ಈಗ ಬೇಕಾದದ್ದು ಪ್ರತಿಕಾಯಗಳನ್ನು ಹತೋಟಿಗೆ ತರುವ ಚಿಕಿತ್ಸೆ: ಸ್ಟೀರಾಯ್ಡ್, ರಕ್ತನಾಳದ ಮೂಲಕ ಇಮ್ಯುನೊಗ್ಲಾಬ್ಯುಲಿನ್, ಪ್ಲಾಸ್ಮಾ ಬದಲಾವಣೆ, ಅಗತ್ಯವಿದ್ದರೆ ಬಿ-ಕೋಶಗಳನ್ನು ತಗ್ಗಿಸುವ ರಿಟುಕ್ಸಿಮ್ಯಾಬ್. ವೈರಸ್ ಮಾಡಿದ ಹಾನಿ ಪೂರ್ತಿ ಸರಿಹೋಗದಿರಬಹುದು. ಆದರೆ ಪ್ರತಿಕಾಯ ಇಳಿದಂತೆ ಗ್ರಾಹಕಗಳು ಮರಳಿ ಮೇಲ್ಮೈಗೆ ಬರಬಲ್ಲವು. ಆದ್ದರಿಂದ ಬೇಗ ಗುರುತಿಸುವುದೇ ಮುಖ್ಯ.

ದಡಾರ ಮುಂತಾದ ಸೋಂಕುಗಳ ನಂತರ ಮಕ್ಕಳಲ್ಲಿ ಬರುವ ‘ಅಡೆಮ್’ ಎಂಬ ಇನ್ನೊಂದು ಉರಿಯೂತವಿದೆ. ಅದರಲ್ಲಿ ದಾಳಿಯಾಗುವುದು ನರತಂತುಗಳ ಮಯಲಿನ್ ಹೊದಿಕೆಯ ಮೇಲೆ. ದಡಾರದ ಲಸಿಕೆ ಹಾಕಿಸಿದರೆ ದಡಾರದಿಂದ ಬರುವ ಈ ಅಪಾಯವೂ ತಪ್ಪುತ್ತದೆ.

ಇದು ಪರೀಕ್ಷೆಗಷ್ಟೇ ಓದುವ ವಿಷಯವಲ್ಲ. ಮನೆಯಲ್ಲಿ, ನೆರೆಹೊರೆಯಲ್ಲಿ ಮಗುವೊಂದು ಇಂತಹ ಸೋಂಕಿನಿಂದ ಎದ್ದ ಕೆಲವು ವಾರಗಳಲ್ಲಿ ವಿಚಿತ್ರವಾಗಿ ವರ್ತಿಸಿದರೆ ‘ಗಾಳಿ ಸೋಕಿದೆ’, ‘ದೃಷ್ಟಿ ತಾಗಿದೆ’, ‘ಹಟ ಮಾಡುತ್ತಿದೆ’ ಎಂದು ದಿನ ಕಳೆಯುವುದುಂಟು. ದುವಾ ಮಾಡೋಣ, ಅದರ ಜೊತೆಗೆ ಅದೇ ದಿನ ಮಗುವನ್ನು ಆಸ್ಪತ್ರೆಗೂ ಕರೆದೊಯ್ಯೋಣ. ಹಿಂದಿನ ಚಿಕಿತ್ಸೆಯ ಡಿಸ್ಚಾರ್ಜ್ ಚೀಟಿಯನ್ನು ತಪ್ಪದೆ ವೈದ್ಯರಿಗೆ ತೋರಿಸಿ. ಮೊದಲು ಏನಾಗಿತ್ತು ಎಂದು ತಿಳಿದರೆ ಪ್ರತಿಕಾಯದ ಪರೀಕ್ಷೆಯ ಯೋಚನೆ ಅವರಿಗೆ ಬೇಗ ಬರುತ್ತದೆ. ಮನೆಯಲ್ಲಿ ಓದಿದವರು ನೀವೇ ಆಗಿದ್ದರೆ ಆ ಚೀಟಿ ಹಿಡಿದು ಜೊತೆಗೆ ಹೋಗುವ ಜವಾಬ್ದಾರಿಯೂ ನಿಮ್ಮದೇ.

ಯೋಚಿಸಿ ಉತ್ತರಿಸಿ: ಪ್ರತಿಕಾಯಗಳು ನಮ್ಮನ್ನು ಕಾಯುವ ಅಣುಗಳು. ಹಾಗಿದ್ದೂ ಈ ಮಗುವಿಗೆ ಬೇರೆ ಆರೋಗ್ಯವಂತರ ರಕ್ತದಿಂದ ಪಡೆದ ಪ್ರತಿಕಾಯಗಳನ್ನೇ, ಅಂದರೆ ಇಮ್ಯುನೊಗ್ಲಾಬ್ಯುಲಿನ್ ಅನ್ನು, ಔಷಧವಾಗಿ ಕೊಡುತ್ತಾರೆ. ಏಕಿರಬಹುದು? ತರಗತಿಯಲ್ಲಿ ಚರ್ಚಿಸಿ.