ಹಳೆಯ ಸ್ಪೋರ್ಟ್ಸ್ ಕಾರಿಗೆ ಹೊಸ ಚಕ್ರ: ಕೊಳ್ಳುವ ಮೊದಲು ಅಳೆಯಿರಿ

1969ರ ಕೊನೆಯಲ್ಲಿ ಜಪಾನಿನಲ್ಲಿ ಫೇರ್‌ಲೇಡಿ ಝಡ್ ಆಗಿ, ಮರುವರ್ಷ ಅಮೆರಿಕದಲ್ಲಿ ಡ್ಯಾಟ್ಸನ್ 240ಝಡ್ ಆಗಿ ಮಾರಾಟಕ್ಕೆ ಬಂದ ಕಾರಿಗೆ ಇವತ್ತಿಗೂ ಅಭಿಮಾನಿಗಳಿದ್ದಾರೆ. 240ಝಡ್‌ಗೆ 2.4 ಲೀಟರಿನ ಆರು ಸಿಲಿಂಡರ್ ಎಂಜಿನ್, ಒಂದು ಟನ್ನಿಗಿಂತ ತುಸುವೇ ಹೆಚ್ಚು ತೂಕ, ಉದ್ದನೆಯ ಬಾನೆಟ್. ಭಾರತೀಯ ಮೂಲದ ಶೇಖರ್ ಮೆಹ್ತಾ 1973ರಲ್ಲಿ ಈಸ್ಟ್ ಆಫ್ರಿಕನ್ ಸಫಾರಿ ರ‍್ಯಾಲಿ ಗೆದ್ದದ್ದು ಈ ಕಾರಿನಲ್ಲೇ. ಹಳೆಯ ಝಡ್ ಕೊಂಡವರು ಸಾಮಾನ್ಯವಾಗಿ ಮೊದಲು ಕೈಹಾಕುವುದು ಚಕ್ರಗಳಿಗೆ. ಚೆಂದ ಕಂಡ ಅಲಾಯ್ ತರಿಸಿಕೊಂಡು, ಅದು ಸಸ್ಪೆನ್ಷನ್ನಿನ ಕಂಬವಾದ ಸ್ಟ್ರಟ್ಟಿಗೆ ತಾಗಿದಾಗಲೋ ಮಡ್‌ಗಾರ್ಡಿನ ಅಂಚು ಟೈರನ್ನು ಸೀಳಿದಾಗಲೋ ಲೆಕ್ಕ ಹಾಕಲು ಕೂರುತ್ತಾರೆ. ಆ ಲೆಕ್ಕವನ್ನು ಮೊದಲೇ ಮಾಡುವುದು ಹೇಗೆಂದು ನೋಡೋಣ. ಉದಾಹರಣೆ 240ಝಡ್‌ನದಾದರೂ ವಿಧಾನ ಯಾವ ಹಳೆಯ ಕಾರಿಗಾದರೂ ಹೊಂದುತ್ತದೆ.

ಮೊದಲು ಟೈರ್, ಆಮೇಲೆ ರಿಮ್

ಕಾರ್ಖಾನೆಯಿಂದ ಬಂದಾಗ ಈ ಕಾರಿಗಿದ್ದದ್ದು 14 ಇಂಚಿನ, ಬರೀ ನಾಲ್ಕೂವರೆ ಇಂಚು ಅಗಲದ ಉಕ್ಕಿನ ರಿಮ್. ಅದಕ್ಕೆ 175 ಅಗಲದ ಟೈರ್. ಟೈರಿನ ಒಟ್ಟು ಎತ್ತರ ಸುಮಾರು 635ರಿಂದ 640 ಮಿ.ಮೀ. ಈ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ರಿಮ್ ಎಷ್ಟೇ ದೊಡ್ಡದಾಗಲಿ, ಟೈರಿನ ಎತ್ತರ ಇದರಿಂದ ಶೇ 3ಕ್ಕಿಂತ ಆಚೀಚೆ ಹೋಗದಂತೆ ನೋಡಿಕೊಳ್ಳಬೇಕು.

ಎತ್ತರ ಕಂಡುಹಿಡಿಯುವುದು ಸುಲಭ. 205/60ಆರ್15 ಎಂಬ ಟೈರನ್ನೇ ತೆಗೆದುಕೊಳ್ಳಿ. 205 ಎಂದರೆ ಮಿಲಿಮೀಟರಿನಲ್ಲಿ ಅಗಲ. ಅದರ ಶೇ 60, ಅಂದರೆ 123 ಮಿ.ಮೀ., ಪಕ್ಕದ ಗೋಡೆಯ ಎತ್ತರ. ಮೇಲೊಂದು ಕೆಳಗೊಂದು ಗೋಡೆ ಸೇರಿ 246. ರಿಮ್ಮಿನ 15 ಇಂಚನ್ನು 25.4ರಿಂದ ಗುಣಿಸಿದರೆ 381. ಒಟ್ಟು 627 ಮಿ.ಮೀ. ಇದು ಸರಿಹೊಂದುತ್ತದೆ. ಇದೇ ರೀತಿ 205/55ಆರ್16 ಟೈರಿಗೆ 632, 225/50ಆರ್16ಕ್ಕೆ 631, 225/45ಆರ್17ಕ್ಕೆ 634 ಬರುತ್ತದೆ. ಎಲ್ಲವೂ ಮೂಲ ಅಳತೆಗೆ ಹತ್ತಿರ.

ತೊಂದರೆ ಇರುವುದು 205/50ಆರ್15ರಂಥ ಅಳತೆಯಲ್ಲಿ. ರೇಸ್ ಟ್ರ್ಯಾಕಿಗೆ ಒಪ್ಪುವ ಒಳ್ಳೆಯ ಟೈರುಗಳು ಈ ಅಳತೆಯಲ್ಲಿ ಸಿಗುತ್ತವೆ, ಆದ್ದರಿಂದ ಆಸೆಯಾಗುವುದು ಸಹಜ. ಆದರೆ ಎತ್ತರ 586 ಮಾತ್ರ, ಮೂಲಕ್ಕಿಂತ ಶೇ 8ರಷ್ಟು ಕಡಿಮೆ. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಓಡುತ್ತಿರುವುದು 92ರ ಆಸುಪಾಸಿನಲ್ಲಿ. ಹೆದ್ದಾರಿಯಲ್ಲಿ ಎಂಜಿನ್ ಸುಮ್ಮನೆ ಹೆಚ್ಚು ಸುತ್ತುತ್ತದೆ, ಕಾರಿನ ಹೊಟ್ಟೆ ನೆಲಕ್ಕೆ ಎರಡೂವರೆ ಸೆಂಟಿಮೀಟರಿನಷ್ಟು ಹತ್ತಿರವಾಗುತ್ತದೆ, ಚಕ್ರದ ಕಮಾನಿನಲ್ಲಿ ಖಾಲಿ ಜಾಗ ಎದ್ದು ಕಾಣುತ್ತದೆ. ಗೇರ್‌ಬಾಕ್ಸಿನ ಸ್ಪೀಡೋ ಪಿನಿಯನ್ ಬದಲಿಸಿ ಮೀಟರನ್ನು ಸರಿಮಾಡಬಹುದು. ಉಳಿದದ್ದನ್ನು ಅದು ಸರಿಮಾಡುವುದಿಲ್ಲ.

ಟೈರಿನ ಅಗಲಕ್ಕೂ ರಿಮ್ಮಿನ ಅಗಲಕ್ಕೂ ಹೊಂದಿಕೆ ಬೇಕು. 205/60ಕ್ಕೆ ಐದೂವರೆಯಿಂದ ಏಳೂವರೆ ಇಂಚು, 225/50ಕ್ಕೆ ಆರರಿಂದ ಎಂಟು ಇಂಚಿನ ರಿಮ್ ಒಪ್ಪುತ್ತದೆ. ತೀರಾ ಅಗಲದ ರಿಮ್ಮಿಗೆ ಸಣ್ಣ ಟೈರನ್ನು ಎಳೆದು ಕೂರಿಸುವ ಗೀಳನ್ನು ನಾನು ಯಾರಿಗೂ ಹೇಳಿಕೊಡಲಾರೆ. ಅದು ಸುರಕ್ಷತೆಯ ಮಾತು.

ಆಫ್‌ಸೆಟ್ ಎಂಬ ಮುಖ್ಯ ಸಂಖ್ಯೆ

240ಝಡ್‌ನ ಪ್ರತಿ ಚಕ್ರಕ್ಕೆ ನಾಲ್ಕು ಬೋಲ್ಟು. ಅವುಗಳ ವೃತ್ತದ ವ್ಯಾಸ 114.3 ಮಿ.ಮೀ. ಈ ಅಳತೆ ಎಷ್ಟೋ ಬೇರೆ ಕಾರುಗಳಲ್ಲೂ ಇರುವುದರಿಂದ ಅವುಗಳ ಚಕ್ರ ಬೋಲ್ಟಿಗೆ ಸಲೀಸಾಗಿ ಕೂರುತ್ತದೆ. ಮೋಸಹೋಗುವುದು ಇಲ್ಲಿಯೇ. ರಿಮ್ಮಿನ ನಟ್ಟನಡುವಿನಿಂದ ಹಬ್ಬಿಗೆ ಒತ್ತಿಕೊಳ್ಳುವ ಮುಖ ಎಷ್ಟು ದೂರದಲ್ಲಿದೆ ಎಂಬುದೇ ಆಫ್‌ಸೆಟ್. ಮುಖ ಹೊರಗಿದ್ದರೆ ಪ್ಲಸ್, ಒಳಗಿದ್ದರೆ ಮೈನಸ್. ಪ್ಲಸ್ ಹೆಚ್ಚಾದಷ್ಟೂ ಚಕ್ರ ಕಾರಿನೊಳಕ್ಕೆ ಸರಿಯುತ್ತದೆ. ಮುಂದಿನ ಚಕ್ರಗಳಿಂದ ಓಡುವ ಇತ್ತೀಚಿನ ಕಾರುಗಳಲ್ಲಿ ಇದು ಸಾಮಾನ್ಯವಾಗಿ 35ರಿಂದ 50ರವರೆಗೆ ಇರುತ್ತದೆ. 240ಝಡ್‌ನ ಏಳಿಂಚಿನ ರಿಮ್ಮಿಗೆ ರೂಢಿಯಲ್ಲಿರುವುದು ಸೊನ್ನೆ. ಅಂಥ ಕಾರಿನ ಚಕ್ರ ತಂದು ಹಾಕಿದರೆ ಟೈರ್ ನೇರ ಸ್ಟ್ರಟ್ಟಿಗೆ ಹೋಗಿ ಒರಗುತ್ತದೆ.

ಏಳಿಂಚಿನ ಸೊನ್ನೆ ಆಫ್‌ಸೆಟ್ ಚಕ್ರ ಈಗಾಗಲೇ ಕೂರುತ್ತಿದೆ, ಎಂಟಿಂಚಿಗೆ ಹೋಗಬೇಕು ಎಂದಿಟ್ಟುಕೊಳ್ಳಿ. ಹೆಚ್ಚಿದ ಒಂದಿಂಚು ಎರಡೂ ಬದಿಗೆ ಹಂಚಿಹೋಗುತ್ತದೆ: ಒಳಕ್ಕೆ 12.7, ಹೊರಕ್ಕೆ 12.7 ಮಿ.ಮೀ. ಅದೇ ಎಂಟಿಂಚಿನ ಚಕ್ರದ ಆಫ್‌ಸೆಟ್ ಪ್ಲಸ್ 10 ಆಗಿದ್ದರೆ ಒಳಕ್ಕೆ 22.7, ಹೊರಕ್ಕೆ ಬರೀ 2.7. ಈಗಿನ ಚಕ್ರ ಹಾಕಿಕೊಂಡೇ ಸ್ಟ್ರಟ್ಟಿಗೂ ಟೈರಿಗೂ ನಡುವೆ, ಮಡ್‌ಗಾರ್ಡಿಗೂ ಟೈರಿಗೂ ನಡುವೆ ಎಷ್ಟು ಜಾಗವಿದೆ ಎಂದು ಅಳೆದರೆ ಉತ್ತರ ಕಾಗದದ ಮೇಲೆಯೇ ಸಿಗುತ್ತದೆ. ಸ್ಟ್ರಟ್ಟಿನ ಕಡೆ ಕನಿಷ್ಠ ಐದಾರು ಮಿಲಿಮೀಟರ್ ಖಾಲಿ ಉಳಿಯಲೇಬೇಕು.

ಈ ಕಾರಿನ ಮೂಲ ಸ್ಪ್ರಿಂಗ್ ದೊಡ್ಡ ಸುತ್ತಿನದು. ಅದನ್ನು ಹೊತ್ತ ತಟ್ಟೆ ಟೈರಿನ ಮೇಲಂಚಿನ ಹತ್ತಿರವೇ ಚಾಚಿಕೊಂಡಿರುತ್ತದೆ. ಸಣ್ಣ ಸುತ್ತಿನ ಸ್ಪ್ರಿಂಗಿರುವ ಕಾಯಿಲ್‌ಓವರ್ ಹಾಕಿದವರಿಗೆ ಇಲ್ಲಿ ಸಾಕಷ್ಟು ಜಾಗ ಬಿಡುವಾಗುತ್ತದೆ. 225 ಅಗಲದ ಟೈರ್ ಮಾತು ಬಂದರೆ ಸಸ್ಪೆನ್ಷನ್ ಯಾವುದು ಎಂಬುದು ಮೊದಲು ತೀರ್ಮಾನವಾಗಲಿ. ಬ್ರೇಕ್ ದೊಡ್ಡದು ಮಾಡುವ ಯೋಚನೆಯಿದ್ದರೂ ಅಷ್ಟೇ: ಕ್ಯಾಲಿಪರಿನ ಆಕಾರವನ್ನು ರಟ್ಟಿನಲ್ಲಿ ಕತ್ತರಿಸಿ, ರಿಮ್ಮಿನ ಒಳಗಿಟ್ಟು, ಕಡ್ಡಿಗಳಿಗೆ ತಾಗದೆಂದು ಖಾತ್ರಿ ಮಾಡಿಕೊಳ್ಳಿ.

ಒಂದೇ ಚಕ್ರ ತಂದು ಪರೀಕ್ಷಿಸಿ

ಸಾಧ್ಯವಾದರೆ ನಾಲ್ಕನ್ನೂ ಕೊಳ್ಳುವ ಮೊದಲು ಒಂದು ರಿಮ್ಮಿಗೆ ಟೈರ್ ಹಾಕಿಸಿ ತನ್ನಿ. ಕಾರನ್ನು ಸ್ಟ್ಯಾಂಡಿನ ಮೇಲೆ ಭದ್ರವಾಗಿ ನಿಲ್ಲಿಸಿ, ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಜಾಕಿನಿಂದ ಮೇಲಿನ ತುದಿಯವರೆಗೂ ನಿಧಾನವಾಗಿ ಎತ್ತಿ. ಸ್ಪ್ರಿಂಗ್ ಬಿಚ್ಚಲು ಅದನ್ನು ಒತ್ತಿಹಿಡಿಯುವ ಸ್ಪ್ರಿಂಗ್ ಕಂಪ್ರೆಸರ್ ಬೇಕು. ಅಭ್ಯಾಸವಿಲ್ಲದವರು ಆ ಕೆಲಸವನ್ನು ಮೆಕ್ಯಾನಿಕ್ಕಿಗೆ ಬಿಡಿ. ಪ್ರತಿ ಎತ್ತರದಲ್ಲೂ ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿ. ಮುಂದೆ ಟೈರ್ ತಾಗುವುದು ಹೆಚ್ಚಾಗಿ ಮಡ್‌ಗಾರ್ಡಿನ ಮುಂಭಾಗದ ಕೆಳತುದಿಗೆ, ಅದೂ ತಿರುವಿನಲ್ಲಿ. ಹಿಂದೆ ಮಡ್‌ಗಾರ್ಡಿನ ಒಳಕ್ಕೆ ಮಡಚಿದ ಅಂಚಿಗೆ. ಆ ಅಂಚನ್ನು ಬಗ್ಗಿಸಿ ಜಾಗ ಮಾಡಬಹುದು ನಿಜ, ಆದರೆ ಐವತ್ತು ವರ್ಷದ ತಗಡು. ಬಣ್ಣ ಬಿರಿದರೆ ನೀರು ಒಳಗಿಳಿದು ತುಕ್ಕು ಹಿಡಿಯುತ್ತದೆ. ತುಕ್ಕು ಈ ಕಾರುಗಳ ದೊಡ್ಡ ಶತ್ರು.

ಅಗಲದ ಟೈರ್ ಹಾಕಿದರೆ ಹಿಡಿತ ಹೆಚ್ಚುತ್ತದೆ, ಆದರೆ ಪವರ್ ಸ್ಟೇರಿಂಗ್ ಇಲ್ಲದ ಕಾರಿದು. ನಿಧಾನವಾಗಿ ಹೋಗುವಾಗ ತೋಳು ಸೋಲುತ್ತದೆ. ಚಕ್ರ ಹೊರಗೆ ಸರಿದಷ್ಟೂ ರಸ್ತೆಯ ಪ್ರತಿ ಹಳ್ಳದ ಹೊಡೆತ ಸ್ಟೇರಿಂಗಿಗೆ ಬರುತ್ತದೆ, ಬೇರಿಂಗಿನ ಮೇಲೆ ಭಾರವೂ ಹೆಚ್ಚು. ರಸ್ತೆಯಲ್ಲಿ ಓಡಿಸುವ 240ಝಡ್‌ಗೆ ನನ್ನ ಆಯ್ಕೆ 15 ಇಂಚಿನ, ಏಳಿಂಚು ಅಗಲದ, ಸೊನ್ನೆ ಆಫ್‌ಸೆಟ್ಟಿನ ಹಗುರ ರಿಮ್, 205/60 ಟೈರ್. ಅದು ಸಿಗದ ಊರಿನಲ್ಲಿ 16 ಇಂಚಿಗೆ 205/55. ಹದಿನೇಳು ಇಂಚು ಈ ಮೈಕಟ್ಟಿಗೆ ಒಪ್ಪುವುದಿಲ್ಲ.

ಟೈರ್ ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕಂಕಿ ನೋಡಿ. 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಅಪರೂಪಕ್ಕೆ ಓಡುವ ಕಾರಿನಲ್ಲಿ ಟೈರ್ ಸವೆಯುವ ಮೊದಲೇ ಗಟ್ಟಿಯಾಗುತ್ತದೆ. ವೇಗದ ಗುರುತು ಎಚ್ (ಗಂಟೆಗೆ 210 ಕಿ.ಮೀ.) ಅಥವಾ ಅದಕ್ಕಿಂತ ಮೇಲಿರಲಿ.

ಕೊನೆಗೆ ನಟ್ಟು. ಈ ಕಾರಿನ ಬೋಲ್ಟಿನ ಮರೆ (ಥ್ರೆಡ್) 12 ಮಿ.ಮೀ., 1.25 ಪಿಚ್. 1.5 ಪಿಚ್ಚಿನ ನಟ್ಟು ಮೊದಲ ಸುತ್ತು ಹತ್ತಿದಂತೆ ಮಾಡಿ ಮರೆಯನ್ನು ಹಾಳುಮಾಡುತ್ತದೆ. ಅಲಾಯ್ ತಯಾರಕರು ಹೇಳಿದ ಆಕಾರದ ನಟ್ಟನ್ನೇ ಬಳಸಿ, ಟಾರ್ಕ್ ರೆಂಚಿನಿಂದ ಬಿಗಿಮಾಡಿ, ಮೊದಲ 100 ಕಿ.ಮೀ. ಓಡಿಸಿದ ಮೇಲೆ ನಾಲ್ಕೂ ಚಕ್ರದ ನಟ್ಟುಗಳನ್ನು ಇನ್ನೊಮ್ಮೆ ಪರೀಕ್ಷಿಸಿ.