ಮನಿಲಾದಲ್ಲಿ ಶಾಲೆ ಹುಡುಕುತ್ತಿರುವ ಮಗಳಿಗೆ

ಪ್ರೀತಿಯ ಮಗಳೇ,

ಅಳಿಯಂದಿರಿಗೆ ಮನಿಲಾ ಮಹಾನಗರದ ಮಕಾಟಿಯಲ್ಲಿ ಕೆಲಸವಾಗಿದೆ, ಮಗನನ್ನು ಮೂರನೇ ತರಗತಿಗೆ ಸೇರಿಸಬೇಕು, ಶುಲ್ಕದ ಪಟ್ಟಿಗಳನ್ನು ನೋಡಿ ದಿಕ್ಕು ತೋಚದಾಗಿದೆ ಎಂದು ಬರೆದಿದ್ದೀಯ. ಬೆಂಗಳೂರು, ಮಂಗಳೂರಿನಿಂದ ಅಲ್ಲಿಗೆ ಹೋಗುವ ಬೇರೆಯವರಿಗೂ ಈ ಚಿಂತೆ ಇದ್ದೇ ಇರುತ್ತದೆ. ಹಾಗಾಗಿ ಎಲ್ಲರೂ ಓದಲೆಂದು ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನ ಮಾತು ಇಷ್ಟೇ: ಮೊದಲ ವರ್ಷದ ಶುಲ್ಕ ನೋಡಿ ಶಾಲೆ ಆರಿಸಬೇಡ. ಮಗು ಅಲ್ಲಿ ಓದುವಷ್ಟು ವರ್ಷಗಳ ಒಟ್ಟು ಖರ್ಚನ್ನು, ಆಮೇಲೆ ಅವನು ಹಿಡಿಯುವ ದಾರಿಯನ್ನು ಒಟ್ಟಿಗೆ ಇಟ್ಟು ನೋಡು.

ಫಿಲಿಪ್ಪೀನ್ಸ್‌ನಲ್ಲಿ ಖಾಸಗಿ ಶಾಲೆಗಳು ಹಲವು ಬಗೆ. ಚರ್ಚುಗಳು ನಡೆಸುವ ಸಣ್ಣ ಶಾಲೆಗಳಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಪೆಸೋ ಸಾಕು. 1859ರಲ್ಲಿ ಜೆಸ್ಯೂಟ್ ಪಾದ್ರಿಗಳು ಆರಂಭಿಸಿದ ಅಟೆನಿಯೋದಂಥ ಹೆಸರಾಂತ ಕ್ಯಾಥೊಲಿಕ್ ಸಂಸ್ಥೆಗಳಲ್ಲಿ ಲೆಕ್ಕ ಲಕ್ಷಕ್ಕೆ ಏರುತ್ತದೆ. ಟಗೀಗ್‌ನ ಬೊನಿಫಾಸಿಯೋ ಗ್ಲೋಬಲ್ ಸಿಟಿಯಲ್ಲಿರುವ ಇಂಟರ್‌ನ್ಯಾಷನಲ್ ಸ್ಕೂಲ್ ಮನಿಲಾದಂಥ ಕಡೆ ಮೇಲಿನ ತರಗತಿಗಳಿಗೆ ಹತ್ತು ಲಕ್ಷ ಪೆಸೋ ದಾಟುತ್ತದೆ. ಪೆಸೋಗೆ ಸುಮಾರು ಒಂದೂವರೆ ರೂಪಾಯಿ ಎಂದು ಹಿಡಿದರೆ ಅಂತರ ಎಷ್ಟೆಂದು ತಿಳಿಯುತ್ತದೆ.

ಪಟ್ಟಿಯ ಮೇಲ್ಗಡೆ ಇರುವ ಬೋಧನಾ ಶುಲ್ಕವೇ ಪೂರ್ತಿ ಖರ್ಚಲ್ಲ. ಅರ್ಜಿ ಶುಲ್ಕ, ಪ್ರವೇಶ ಶುಲ್ಕ, ಕಟ್ಟಡ ಅಭಿವೃದ್ಧಿ ನಿಧಿ, ಪುಸ್ತಕ, ಸಮವಸ್ತ್ರ, ಬಸ್ಸು, ಊಟ, ಪ್ರವಾಸ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೋ. ಒಮ್ಮೆ ಮಾತ್ರ ಕಟ್ಟುವುದು ಯಾವುದು, ವರ್ಷವರ್ಷವೂ ಕಟ್ಟುವುದು ಯಾವುದು, ಬಿಟ್ಟುಹೋದರೆ ವಾಪಸು ಬರುವುದು ಯಾವುದು ಎಂದು ಬೇರೆ ಮಾಡು. ಕೆಲವು ಇಂಟರ್‌ನ್ಯಾಷನಲ್ ಶಾಲೆಗಳು ಶುಲ್ಕದ ಒಂದು ಭಾಗವನ್ನು ಪೆಸೋದಲ್ಲಿ, ಇನ್ನೊಂದು ಭಾಗವನ್ನು ಡಾಲರಿನಲ್ಲಿ ಕೇಳುತ್ತವೆ. ಸಂಬಳ ಪೆಸೋದಲ್ಲಿ ಬರುವವರಿಗೆ ಡಾಲರ್ ಏರಿದಾಗ, ಶಾಲೆ ಏನೂ ಹೆಚ್ಚಿಸದಿದ್ದರೂ, ಶುಲ್ಕ ಹೆಚ್ಚಾದಂತೆಯೇ. ಕಂತಿನಲ್ಲಿ ಕಟ್ಟಿದರೆ ಒಟ್ಟು ಎಷ್ಟಾಗುತ್ತದೆ ಎಂದೂ ಕೇಳು.

ಐದು ವರ್ಷಗಳಲ್ಲಿ ಶುಲ್ಕ ಎಷ್ಟೆಷ್ಟು ಏರಿದೆ ಎಂದು ಕೇಳಲು ಸಂಕೋಚಪಡಬೇಡ. ಅಲ್ಲಿನ 1989ರ ಕಾನೂನಿನ ಪ್ರಕಾರ, ಖಾಸಗಿ ಶಾಲೆ ಬೋಧನಾ ಶುಲ್ಕ ಏರಿಸಿದರೆ ಆ ಏರಿಕೆಯ ನೂರಕ್ಕೆ 70 ಭಾಗ ಶಿಕ್ಷಕರ ಮತ್ತು ಸಿಬ್ಬಂದಿಯ ಸಂಬಳ, ಭತ್ಯೆಗಳಿಗೆ ಹೋಗಬೇಕು. ಏರಿಸುವ ಮುನ್ನ ಪೋಷಕರೊಂದಿಗೆ ಸಮಾಲೋಚನೆಯೂ ನಡೆಯಬೇಕು. ಶಿಕ್ಷಕರು ಎಷ್ಟು ವರ್ಷ ಉಳಿಯುತ್ತಾರೆ ಎಂಬುದನ್ನೂ ವಿಚಾರಿಸು. ಕಟ್ಟಡದ ಹೊಳಪಿಗಿಂತ ಅದು ಶಾಲೆಯ ಗುಣವನ್ನು ಚೆನ್ನಾಗಿ ಹೇಳುತ್ತದೆ.

ಇನ್ನು ಮುಂದಿನ ದಾರಿ. 2013ರ ಕಾನೂನಿನಿಂದ ಅಲ್ಲಿ ಕಿಂಡರ್‌ಗಾರ್ಟನ್ ಜೊತೆಗೆ ಹನ್ನೆರಡು ತರಗತಿಗಳ ವ್ಯವಸ್ಥೆ ಬಂದಿದೆ. ಸ್ಥಳೀಯ ಪಠ್ಯಕ್ರಮದ ಶಾಲೆಯಲ್ಲಿ ಮಗ ಫಿಲಿಪಿನೋ ಭಾಷೆಯನ್ನೂ ಆ ದೇಶದ ಸಮಾಜ ವಿಜ್ಞಾನವನ್ನೂ ಕಲಿಯಬೇಕು. ಅಲ್ಲೇ ನೆಲೆಸುವುದಾದರೆ ಅದು ವರವೇ. ಎರಡು ವರ್ಷದಲ್ಲಿ ಬೆಂಗಳೂರಿಗೆ ಮರಳುವುದಾದರೆ ಕನ್ನಡ, ಹಿಂದಿ, ಗಣಿತವನ್ನು ಮನೆಯಲ್ಲಿ ಸರಿದೂಗಿಸಲು ಸಮಯ, ಟ್ಯೂಷನ್ ಹಣ ತೆಗೆದಿಡಬೇಕು. ಕೆಲವು ಇಂಟರ್‌ನ್ಯಾಷನಲ್ ಶಾಲೆಗಳಲ್ಲಿ ಸಿಗುವ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೇಟ್) ಡಿಪ್ಲೊಮಾಕ್ಕೆ ಭಾರತದ ವಿಶ್ವವಿದ್ಯಾಲಯಗಳಲ್ಲಿ ಮಾನ್ಯತೆ ಇದೆ, ನಿಜ. ಆದರೆ ಅದರ ಬೆಲೆ ಕೊನೆಯ ಎರಡು ವರ್ಷಗಳಲ್ಲಿ ತೆರಬೇಕಾದದ್ದು. ಮೂರನೇ ತರಗತಿಯ ಹುಡುಗನಿಗಾಗಿ ಈಗಲೇ ಅಷ್ಟು ಕೊಡುವ ಅಗತ್ಯವಿಲ್ಲ.

ವಿದೇಶಿ ಮಕ್ಕಳನ್ನು ಸೇರಿಸಿಕೊಳ್ಳಲು ಶಾಲೆಗೆ ಅಲ್ಲಿನ ವಲಸೆ ಇಲಾಖೆಯ ಮಾನ್ಯತೆ ಇದೆಯೇ, ನಿಮ್ಮ ವೀಸಾದಡಿ ಮಗುವಿಗೆ ಓದಲು ಪ್ರತ್ಯೇಕ ಪರವಾನಗಿ ಬೇಕೇ ಎಂಬುದನ್ನು ಹಣ ಕಟ್ಟುವ ಮೊದಲೇ ಬರಹದಲ್ಲಿ ಪಡೆ. ಮನೆಯನ್ನು ಶಾಲೆಯ ಹತ್ತಿರವೇ ನೋಡು. ಎಡ್ಸಾ ಹೆದ್ದಾರಿಯ ವಾಹನ ದಟ್ಟಣೆಯಲ್ಲಿ ಬೆಳಗ್ಗೆ, ಸಂಜೆ ಬಸ್ಸಿನಲ್ಲಿ ಕೂರುವ ಮಗು ಆಟ, ನಿದ್ದೆ ಎರಡನ್ನೂ ಕಳೆದುಕೊಳ್ಳುತ್ತದೆ. ಬಾಡಿಗೆಯನ್ನೂ ಶುಲ್ಕದ ಹಾಳೆಯಲ್ಲೇ ಸೇರಿಸು.

ಕಂಪನಿ ಶಿಕ್ಷಣ ಭತ್ಯೆ ಕೊಡುತ್ತದೆ ಎಂದರೆ ಒಪ್ಪಂದವನ್ನು ಸಾಲುಸಾಲಾಗಿ ಓದಿಕೊಳ್ಳಿ. ಪ್ರವೇಶ ಶುಲ್ಕ, ಅಭಿವೃದ್ಧಿ ನಿಧಿ ಅದರಲ್ಲಿ ಸೇರಿವೆಯೇ? ನಾಳೆ ಎರಡನೇ ಮಗು ಶಾಲೆಗೆ ಹೋದರೆ? ಸಂಬಳ ಸ್ಥಳೀಯ ಶ್ರೇಣಿಗೆ ಬದಲಾದ ದಿನ ಭತ್ಯೆ ನಿಂತರೆ? ಆ ದಿನವೂ ನಿಮ್ಮ ಸ್ವಂತ ಸಂಪಾದನೆಯಲ್ಲಿ ಕಟ್ಟಬಲ್ಲಷ್ಟು ಶುಲ್ಕದ ಶಾಲೆಯನ್ನೇ ಆರಿಸಿ. ಹಣ ಸಾಲದೆ ನಡುವೆ ಬಿಡಿಸಿದರೆ ಸ್ನೇಹಿತರನ್ನೂ ಶಿಕ್ಷಕರನ್ನೂ ಕಳೆದುಕೊಳ್ಳುವವನು ಮಗ. ಪರದೇಶದಲ್ಲಿ ಮಗುವಿಗೆ ದುಬಾರಿ ಶಾಲೆಗಿಂತ ಹೆಚ್ಚಾಗಿ ಬೇಕಾದದ್ದು ಬದಲಾಗದ ಶಾಲೆ. ನಿಮ್ಮಿಬ್ಬರ ಲೆಕ್ಕ ಮುಗಿದ ಮೇಲೆ ಆ ಹಾಳೆಯನ್ನು ನನಗೂ ಕಳಿಸು, ನೋಡಿ ಹೇಳುತ್ತೇನೆ.

ಇತಿ,
ನಿನ್ನ ದೊಡ್ಡಪ್ಪ